ಚಿಕ್ಕಮ್ಮನಿಗೆ ಒಪ್ಪಿಗೆಯಾದ ಮನೆ

ನನ್ನ ಚಿಕ್ಕಮ್ಮನಿಗೆ ನಾವು ಇಟ್ಟ ಹೆಸರು ಕತ್ತರಿ. ಎದುರಿಗೆ ಹಾಗೆ ಕರೆಯುವ ಧೈರ್ಯ ಯಾರಿಗೂ ಇರಲಿಲ್ಲ, ಆದರೆ ಅವಳಿಗೆ ಗೊತ್ತಿತ್ತು. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಅವಳು ಚೆಕರ್ ಆಗಿದ್ದಳು. ಹೊಲಿದು ಬಂದ ಅಂಗಿಗಳನ್ನು ಒಳಮಗ್ಗುಲು ತಿರುಗಿಸಿ, ಬಿಟ್ಟ ಹೊಲಿಗೆ ಹುಡುಕಿ, ಜೋತುಬಿದ್ದ ದಾರವನ್ನು ಪುಟ್ಟ ಕತ್ತರಿಯಿಂದ ಕತ್ತರಿಸುವುದು ಅವಳ ಕೆಲಸ. ಕೆಲಸ ಬಿಟ್ಟ ಮೇಲೂ ಕತ್ತರಿ ಅವಳ ಕೈಚೀಲ ಬಿಡಲಿಲ್ಲ. ಯಾರ ಮನೆಗೆ ಹೋದರೂ ಮೊದಲು ಕಿಟಕಿ ಪರದೆಯ ಅಂಚು ಮಗುಚಿ ನೋಡುತ್ತಿದ್ದಳು. ನಾನು ಮದುವೆಯಾಗಬೇಕೆಂದಿದ್ದ ಹುಡುಗನನ್ನು ಕರೆತಂದಾಗ, ಅವನ ಮಾತು ಕೇಳುವುದು ಬಿಟ್ಟು ಅಂಗಿಯ ತೋಳನ್ನೇ ದಿಟ್ಟಿಸಿ, "ಹುಡುಗ ಪರವಾಗಿಲ್ಲ. ಗುಂಡಿ ಅವನೇ ಹೊಲ್ಕೊಂಡಿದಾನೆ, ಪಾಪ" ಎಂದು ತೀರ್ಪು ಕೊಟ್ಟಳು. ಇವಳ ಕಣ್ಣಿಗೆ ಬಿದ್ದು ಪಾಸಾದ ಬೆರಳೆಣಿಕೆಯ ಜನರಲ್ಲಿ ನನ್ನ ಗಂಡನೂ ಒಬ್ಬ ಎಂಬ ಜಂಬ ನನಗೆ ಈಗಲೂ ಇದೆ.

ಚಿಕ್ಕಪ್ಪ ಅವಳಿಗಿಂತ ಎರಡು ಹೆಜ್ಜೆ ಹಿಂದೆ ನಡೆಯುತ್ತಿದ್ದರು. ಮನೆಮನೆಗೆ ಹೋಗಿ ಕರೆಂಟಿನ ಮೀಟರ್ ಓದುತ್ತಿದ್ದ ಮನುಷ್ಯ, ನಾಯಿಯನ್ನೂ ಗದರಿಸಿದವರಲ್ಲ. ಚಿಕ್ಕಮ್ಮ ಅಂಗಡಿಯವನನ್ನು ತರಾಟೆಗೆ ತೆಗೆದುಕೊಂಡು ಹೊರಟ ಮೇಲೆ ಇವರು ಒಂದು ಗಳಿಗೆ ಅಲ್ಲೇ ನಿಂತು, "ಮನಸ್ಸಿಗೆ ಹಚ್ಕೋಬೇಡಿ, ಅವಳು ಹಾಗೇ" ಎಂದು ಮೆಲ್ಲಗೆ ಹೇಳುತ್ತಿದ್ದರು. ನಮ್ಮ ಬೀದಿಯ ಅಂಗಡಿಗಳವರು ಅವಳನ್ನು ಸಹಿಸಿಕೊಂಡದ್ದು ಆ ಒಂದು ಮಾತಿನಿಂದ. ಇದೊಂದೂ ಚಿಕ್ಕಮ್ಮನ ಕಿವಿಗೆ ಬಿದ್ದಿಲ್ಲವೆಂದು ಅವರು ನಂಬಿದ್ದರು.

ಆಮೇಲೆ ಅವರಿಗೆ ಮರೆವು ಶುರುವಾಯಿತು. ಮೊದಲು ಕನ್ನಡಕ ಮರೆತರು, ಆಮೇಲೆ ಮನೆಯ ದಾರಿ, ಕೊನೆಗೆ ಚಿಕ್ಕಮ್ಮನನ್ನೇ. "ನೀವು ಯಾರಮ್ಮಾ?" ಎಂದು ಬಹಳ ಮರ್ಯಾದೆಯಿಂದ ಕೇಳುತ್ತಿದ್ದರು. "ಯಾರೋ ಒಬ್ಬಳು, ಬಾಯಿ ತೆಗೀರಿ" ಎಂದು ಇವಳು ತುತ್ತಿಡುತ್ತಿದ್ದಳು. ಒಂದು ಬೆಳಿಗ್ಗೆ ಅವರು ಬಚ್ಚಲಲ್ಲಿ ಜಾರಿ ಬಿದ್ದರು. ಎತ್ತಲು ಚಿಕ್ಕಮ್ಮನ ಸೊಂಟದಲ್ಲಿ ಕಸುವಿರಲಿಲ್ಲ. ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಹಾಲಿನವನು ಬರುವ ತನಕ ಒದ್ದೆ ನೆಲದಲ್ಲೇ ಕೂತಿದ್ದಳು.

"ಇನ್ನೊಂದು ಸಲ ಬಿದ್ದರೆ ನನ್ನ ಕೈಯಲ್ಲೇ ಹೋಗಿಬಿಡ್ತಾರೆ ಕಣೇ" ಎಂದಳು ನಾನು ಓಡಿ ಬಂದಾಗ. ಅವಳು ಹೆದರಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಅವರಿಗೆ ಮಕ್ಕಳಿಲ್ಲ. ನನ್ನ ಮನೆಗೇ ಬನ್ನಿ ಎಂದೆ. ಬಂದು ನೋಡಿದಳು. ಮೂರನೇ ಮಹಡಿ, ಕಡಿದಾದ ಮೆಟ್ಟಿಲು, ಹಗಲೆಲ್ಲ ಗಂಡ ಹೆಂಡತಿ ಇಬ್ಬರೂ ಹೊರಗೆ. "ಇವರಿಗೆ ಬಾಗಿಲು ಕಂಡರೆ ಮೀಟರ್ ಓದೋಕೆ ಹೊರಡೋ ಚಟ. ಇಲ್ಲಿ ಆಗಲ್ಲ" ಎಂದಳು. ಹೀಗೆ ಎಲ್ಲರಿಗಿಂತ ಮೊದಲು ಫೇಲಾದದ್ದು ನನ್ನ ಮನೆಯೇ.

ಹಾಗಾಗಿ ವಯಸ್ಸಾದವರನ್ನು ನೋಡಿಕೊಳ್ಳುವ ಮನೆಗಳನ್ನು ಹುಡುಕಲು ಹೊರಟೆವು. ಮೊದಲನೆಯದರ ಮುಂಭಾಗದಲ್ಲಿ ಕಾರಂಜಿ, ಒಳಗೆ ಮುಖ ಕಾಣುವಂಥ ನೆಲ. ಮ್ಯಾನೇಜರು ನಗುತ್ತಲೇ ನಮ್ಮನ್ನು ಸುತ್ತಾಡಿಸಿದರು. ನಾನಂತೂ ಮರುಳಾಗಿ ಹೋದೆ. ಚಿಕ್ಕಮ್ಮ ಗೋಡೆಯುದ್ದಕ್ಕೂ ಇದ್ದ ಹಿಡಿಕೆಯ ಕಂಬಿಯ ಮೇಲೆ ಕೈಯಾಡಿಸುತ್ತಾ ಬಂದಳು. ಕಂಬಿ ಅಂಗಡಿಯಿಂದ ಈಗ ತಂದಂತೆ ಹೊಳೆಯುತ್ತಿತ್ತು.

"ನಮ್ಮಲ್ಲಿ ಇಲ್ಲಿ ತನಕ ಒಬ್ಬರೂ ಬಿದ್ದಿಲ್ಲಮ್ಮಾ" ಎಂದರು ಮ್ಯಾನೇಜರು.

"ಎದ್ದರೆ ತಾನೇ ಬೀಳೋದು" ಎಂದಳು ಚಿಕ್ಕಮ್ಮ. "ಎಲ್ಲರನ್ನೂ ಮಲಗಿಸಿದ್ದೀರಿ. ಈ ಕಂಬೀನ ಯಾರಾದರೂ ಮುಟ್ಟಿದಾರಾ?"

ಪಕ್ಕದ ಮಂಚದ ಹೊದಿಕೆಯನ್ನು ಮಗುಚಿದಳು. ಮೇಲೆ ಇಸ್ತ್ರಿ ಮಾಡಿದ ಹಾಸು, ಕೆಳಗೆ ಒದ್ದೆ. ಮಲಗಿದ್ದ ಅಜ್ಜಿ ಕಣ್ಣು ತೆರೆದು ನಕ್ಕಿತು. ಅಜ್ಜಿಯ ರವಿಕೆ ತೋಳಿನಲ್ಲಿ ಜೋತಾಡುತ್ತಿದ್ದ ಒಂದು ದಾರವನ್ನು ಚಿಕ್ಕಮ್ಮ ಕತ್ತರಿಸಿ, ಹಾಸು ಬದಲಾಯಿಸುವ ತನಕ ಅಲ್ಲಿಂದ ಕದಲಲಿಲ್ಲ. ಆಮೇಲೆ ಮ್ಯಾನೇಜರಿಗೆ ನಾಲ್ಕು ಮಾತು ಚೆನ್ನಾಗಿ ಬಿಗಿದಳು.

ಗೇಟಿನ ಹತ್ತಿರ ಬಂದವಳು ಸುಮ್ಮನೆ ನಿಂತುಬಿಟ್ಟಳು. "ಏನಾಯ್ತು?" ಎಂದೆ.

"ಏನಿಲ್ಲ, ಅಭ್ಯಾಸ. ನಿಮ್ಮ ಚಿಕ್ಕಪ್ಪ ಹಿಂದೆ ನಿಂತು ಅವರಿಗೆ ಸಮಾಧಾನ ಹೇಳಿ ಬರಬೇಕಲ್ಲ. ಅಷ್ಟು ಹೊತ್ತು ನಿಲ್ತಿದ್ದೆ" ಎಂದಳು. ಅವಳಿಗೆ ಎಲ್ಲ ಕೇಳಿಸಿತ್ತು, ಇಷ್ಟು ವರ್ಷವೂ.

ಎರಡನೆಯ ಮನೆಯಲ್ಲಿ ಚಪ್ಪಲಿ ಬಿಟ್ಟು ತಾನೇ ಮಂಚದ ಮೇಲೆ ಮಲಗಿದಳು. ಕರೆಗಂಟೆಗೆ ಕೈ ಚಾಚಿದಳು, ಎಟುಕಲಿಲ್ಲ. ಕೋಣೆಗಳ ಚಿಲಕ ಹೊರಗಡೆ ಇತ್ತು. "ಬೆಂಕಿ ಬಿದ್ದರೆ?" ಎಂದು ಕೇಳಿದಳು. ಉತ್ತರಕ್ಕೆ ಕಾಯದೆ ಚಪ್ಪಲಿ ಮೆಟ್ಟಿದಳು. ಹೀಗೇ ಮತ್ತೆರಡು ಮನೆಗಳು ಹೋದವು. ಅವಳಿಗೆ ಯಾವ ಮನೆಯೂ ಬೇಡ, ಗಂಡನನ್ನು ಬಿಟ್ಟಿರಲಾರದೆ ನೆಪ ಹುಡುಕುತ್ತಿದ್ದಾಳೆ ಎಂದು ನನಗೆ ಅನ್ನಿಸತೊಡಗಿತು. ಅದರಲ್ಲಿ ಸ್ವಲ್ಪ ನಿಜವೂ ಇತ್ತು.

ಕೊನೆಯದಕ್ಕೆ ಹೋದ ದಿನ ಚಿಕ್ಕಪ್ಪನನ್ನು ನೋಡಿಕೊಳ್ಳಲು ಯಾರೂ ಸಿಗಲಿಲ್ಲ, ಅವರನ್ನೂ ಕರೆದುಕೊಂಡು ಹೋದೆವು. ಹಳೆಯ ಕಟ್ಟಡ, ಗೋಡೆಯ ಬಣ್ಣ ಅಲ್ಲಲ್ಲಿ ಎದ್ದಿತ್ತು, ಟಿವಿ ಕೆಟ್ಟು ಕೂತಿತ್ತು. ಹಿಡಿಕೆಯ ಕಂಬಿ ಕೈಯ ಜಿಡ್ಡಿಗೆ ಕಪ್ಪಾಗಿತ್ತು. ಚಿಕ್ಕಮ್ಮ ಅದರ ಮೇಲೆ ಕೈಯಾಡಿಸಿ ಮುಂದೆ ನಡೆದಳು. ಅಷ್ಟರಲ್ಲಿ ಚಿಕ್ಕಪ್ಪನಿಗೆ ಹಸಿವಾಯಿತು. ಅವರನ್ನು ಒರಗು ಕುರ್ಚಿಯಲ್ಲಿ ಕೂರಿಸಿ, ಡಬ್ಬಿ ತೆಗೆದು, ಹಾಲಿನಲ್ಲಿ ನೆನೆಸಿದ ಬ್ರೆಡ್ಡು ತಿನ್ನಿಸತೊಡಗಿದಳು.

"ಅಮ್ಮಾ, ಕೈ ತೆಗೀರಿ."

ಹೇಳಿದ್ದು ಅಲ್ಲಿನ ಆಯಾ. ದಪ್ಪ ದೇಹ, ತೋಳು ಮಡಚಿದ ಅಂಗಿ, ಮುಖದಲ್ಲಿ ನಗುವಿನ ಸುಳಿವಿಲ್ಲ. ಚಿಕ್ಕಮ್ಮನ ಕೈಯನ್ನು ನೇರವಾಗಿ ಹಿಡಿದೇಬಿಟ್ಟಳು.

"ಮೊದಲನೇ ತುತ್ತು ಇನ್ನೂ ಅವರ ಕೆನ್ನೇಲೇ ಇದೆ. ಹೀಗೆ ಒರಗಿಸಿ ತಿನ್ನಿಸಿದರೆ ನೆತ್ತಿಗೆ ಹತ್ತುತ್ತೆ. ಯಾರು ಹೇಳ್ಕೊಟ್ಟರು ನಿಮಗೆ ಹೀಗೆ ತಿನ್ನಿಸೋಕೆ?"

ಚಿಕ್ಕಮ್ಮನನ್ನು ಹೀಗೆ ದಬಾಯಿಸಿದವರು ಹುಟ್ಟಿರಲಿಲ್ಲ. ಆಯಾ ಚಿಕ್ಕಪ್ಪನನ್ನು ನೆಟ್ಟಗೆ ಕೂರಿಸಿ, ಗದ್ದ ತುಸು ತಗ್ಗಿಸಿ, "ನುಂಗಿ ತಾತ" ಎಂದಳು. ಅವರು ನುಂಗಿದರು. ಬಾಯಿ ತೆರೆಸಿ ನೋಡಿದ ಮೇಲೆಯೇ ಅವಳು ಮುಂದಿನ ತುತ್ತು ಕೊಟ್ಟದ್ದು.

ಚಿಕ್ಕಮ್ಮ ಡಬ್ಬಿ ಹಿಡಿದುಕೊಂಡು ನಿಂತಿದ್ದಳು. "ಊಟ ಆದ ಮೇಲೆ ಕೆಮ್ಮೋದು ಅದಕ್ಕೇನಾ?" ಎಂದು ಸಣ್ಣ ದನಿಯಲ್ಲಿ ಕೇಳಿದಳು.

"ಇರಬಹುದು. ಡಾಕ್ಟರು ನಾಳೆ ಬರ್ತಾರೆ, ತೋರಿಸೋಣ" ಎಂದಳು ಆಯಾ. ಚಿಕ್ಕಮ್ಮನ ಮುಖ ನೋಡಿದವಳೇ ಕುರ್ಚಿಯೊಂದನ್ನು ಎಳೆದು ಹಾಕಿದಳು. "ನೀವೂ ಕೂತ್ಕೊಳ್ಳಿ. ಒಬ್ಬರೇ ಮಾಡಿದೀರಲ್ಲ ಇಷ್ಟು ದಿನ."

ವಾಪಸ್ಸು ಬರುವಾಗ ಆಟೋದಲ್ಲಿ ಚಿಕ್ಕಮ್ಮ ಬಾಯಿ ಬಿಟ್ಟಳು. "ಅಲ್ಲೇ ಬಿಡೋಣ."

"ನಿನಗೇ ಬೈದಳಲ್ಲ?"

"ಅದಕ್ಕೇ. ನನಗೇ ಬೈದವಳು, ಇವರ ವಿಷಯಕ್ಕೆ ಇನ್ಯಾರನ್ನ ಬಿಡ್ತಾಳೆ?" ಎಂದು, ತನ್ನ ಹೆಗಲ ಮೇಲೆ ನಿದ್ದೆ ಹೋಗಿದ್ದ ಚಿಕ್ಕಪ್ಪನ ಕಾಲರಿನ ದಾರವೊಂದನ್ನು ಬೆರಳಲ್ಲೇ ಕಿತ್ತಳು. ಮನೆ ಬರುವ ತನಕ ಸದ್ದಿಲ್ಲದೆ ಅತ್ತಳು.

ಮಾರನೆಯ ದಿನದಿಂದ ಚಿಕ್ಕಪ್ಪ ಅಲ್ಲಿ, ಚಿಕ್ಕಮ್ಮ ಬೆಳಿಗ್ಗೆಯಿಂದ ಸಂಜೆಯವರೆಗೆ ಅಲ್ಲಿ. ಪರದೆಗಳ ಅಂಚೆಲ್ಲ ಅವಳ ಕೈಯಿಂದ ರಿಪೇರಿಯಾಗಿವೆ. ಚಿಕ್ಕಪ್ಪ ದಿನಾ ಬಾಗಿಲ ಪಕ್ಕದ ಮೀಟರಿನ ಮುಂದೆ ನಿಂತು ಅಂಕಿ ಓದುತ್ತಾರೆ. ಅವರು ಓದಿ ಮುಗಿಸುವ ತನಕ ಆಯಾ ಜೊತೆಗೆ ನಿಲ್ಲುತ್ತಾಳೆ. ಕೆಮ್ಮು ಕಡಿಮೆಯಾಗಿದೆ. ಹೆಂಡತಿಯನ್ನು ಮಾತ್ರ ಈಗಲೂ "ಯಾರಮ್ಮಾ ನೀವು?" ಎಂದೇ ಕೇಳುತ್ತಾರೆ.

ಹೋದ ವಾರ ನಾನೂ ಹೋಗಿದ್ದೆ. ಬಚ್ಚಲ ಮುಂದೆ ಆಗಷ್ಟೇ ಒರೆಸಿದ ನೆಲ ಹಸಿಯಾಗಿತ್ತು. ಚಿಕ್ಕಮ್ಮ ಆಯಾಳನ್ನು ಕರೆದು, "ಒಣಗೋ ತನಕ ಅಡ್ಡ ಒಂದು ಕುರ್ಚಿ ಇಡೋಕೇನು ಕಷ್ಟ? ಒಂದು ಸಲ ಜಾರಿದರೆ ಸಾಕಲ್ಲ" ಎಂದು ಜಾಡಿಸಿ ಹೊರಟಳು. ಆಯಾಳ ಮುಖ ಕೆಂಪಾಯಿತು. ಮೀಟರಿನ ಹತ್ತಿರವಿದ್ದ ಚಿಕ್ಕಪ್ಪ ಕಂಬಿ ಹಿಡಿದು ನಿಧಾನವಾಗಿ ಬಂದು, ಆಯಾಳ ಮುಂದೆ ನಿಂತರು.

"ಮನಸ್ಸಿಗೆ ಹಚ್ಕೋಬೇಡಿ" ಎಂದರು ಮೆಲ್ಲಗೆ. "ಅವಳು ಹಾಗೇ."

ಚಿಕ್ಕಮ್ಮ ತಿರುಗಿ ನೋಡಲಿಲ್ಲ. ಕೇಳಿಸದವಳಂತೆ ಎರಡು ಹೆಜ್ಜೆ ಮುಂದೆ ಹೋದಳು. ಆಮೇಲೆ, ಅವರು ಬರುವ ತನಕ, ನಿಂತಳು.