ಮಡಚಿದ ಮೂಲೆ

ನಮ್ಮ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಹದಿನಾಲ್ಕು ವರ್ಷದಿಂದ ಕೂತಿರುವ ಹೆಂಗಸನ್ನು ಎಲ್ಲರೂ ಫೈಲಮ್ಮ ಎಂದೇ ಕರೆಯುತ್ತಾರೆ. ಅವರಿಗಿಂತ ಮೊದಲು ಅದೇ ಕುರ್ಚಿಯಲ್ಲಿ ಅವರ ಸ್ವಂತ ಅಕ್ಕ ಕೂತಿದ್ದರು. ಅವರು ದೊಡ್ಡ ಫೈಲಮ್ಮ. ಕುರ್ಚಿ ಬದಲಾಗಿಲ್ಲ, ಅದರ ಕುಂಟುಕಾಲಿನ ಕೆಳಗಿನ ರಟ್ಟೂ ಬದಲಾಗಿಲ್ಲ. ನಾನು ಅಲ್ಲಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು. ಅಂದರೆ, ಪ್ಲಗ್ ಹಾಕದೆ ಕೆಟ್ಟುಹೋಗಿದೆ ಎಂದು ಫೋನ್ ಮಾಡುವವರ ಹತ್ತಿರ ಹೋಗಿ ಪ್ಲಗ್ ಹಾಕಿ ಬರುವವನು.

ಫೈಲಮ್ಮನ ಕೆಲಸ ನೋಡಿದರೇ ಸುಸ್ತಾಗುತ್ತದೆ. ಬೆಳಿಗ್ಗೆ ರೋಗಿಗಳ ಕಾಗದಗಳನ್ನೆಲ್ಲ ಸ್ಕ್ಯಾನ್ ಮಾಡಿ ಒಂದೊಂದಕ್ಕೂ ರೋಗಿಯ ನಂಬರನ್ನೇ ಹೆಸರಾಗಿ ಕೊಡಬೇಕು. ಮಧ್ಯಾಹ್ನ ಅದೇ ಮುನ್ನೂರು ಚಿಲ್ಲರೆ ಫೈಲುಗಳ ಹೆಸರಿಗೆ ವರ್ಷ ಸೇರಿಸಿ, ಒಂದೊಂದನ್ನೇ ಆಯಾ ವಾರ್ಡಿನ ಫೋಲ್ಡರಿಗೆ ಸಾಗಿಸಬೇಕು. ನಂಬರಿನ ಮೊದಲ ಅಂಕಿ ನೋಡಿದರೆ ಯಾವ ವಾರ್ಡು ಎಂದು ತಿಳಿಯುತ್ತದೆ, ಅದರಲ್ಲಿ ತಲೆ ಓಡಿಸುವಂಥದ್ದೇನೂ ಇಲ್ಲ. ಆದರೂ ಮೂರು ಗಂಟೆ ಹಿಡಿಯುತ್ತಿತ್ತು. ಐದು ಮುಕ್ಕಾಲಿಗೆ ಮಣಿಕಟ್ಟು ಒತ್ತಿಕೊಳ್ಳುತ್ತಾ ಎದ್ದು, ಓಡೋಡಿ ಬಸ್ಸು ಹಿಡಿದು ಅಕ್ಕನಿರುವ ಆರೈಕೆ ಮನೆಗೆ ಹೋದರೆ, ಆರಕ್ಕೆ ಸರಿಯಾಗಿ ಕಾವಲಿನವನು ಬಾಗಿಲು ಹಾಕುತ್ತಿರುತ್ತಿದ್ದ. ಉಳಿಯುತ್ತಿದ್ದದ್ದು ವಾರದ ಒಂದು ರಜೆ.

"ಅಕ್ಕಂಗೆ ಮರೆವು ಜಾಸ್ತಿಯಾಗ್ತಿದೆ" ಎಂದು ಒಂದು ದಿನ ಹೇಳಿದರು. "ವಾರಕ್ಕೊಂದ್ಸಲ ಹೋದ್ರೆ ನಾನ್ಯಾರು ಅಂತ ಮೊದಲಿಂದ ಹೇಳ್ಬೇಕು. ದಿನಾ ಮುಖ ತೋರಿಸ್ತಾ ಇದ್ರೆ ಇನ್ನೊಂದಷ್ಟು ದಿನ ನೆನಪಿರುತ್ತೆ ಅಂತಾರೆ ಅಲ್ಲಿನ ನರ್ಸು. ನಂಗೆ ಐದು ಗಂಟೆಗೆ ಎದ್ದು ಹೋಗೋ ಹಾಗೆ ಏನಾದ್ರೂ ಮಾಡಿಕೊಡಿ."

ಮಾಡಿಕೊಡಬಹುದಿತ್ತು. ಆದರೆ ಇವತ್ತು ನಾನಿದ್ದೇನೆ, ನಾಳೆ ಇನ್ನೊಂದು ಕಡೆಗೆ ಹಾಕುತ್ತಾರೆ. "ನೀವೇ ಕಲಿತುಬಿಡಿ ಮೇಡಂ, ಸ್ಕ್ರಿಪ್ಟ್ ಅಂದ್ರೆ ಯಂತ್ರಕ್ಕೆ ಬರೆದುಕೊಡೋ ಚೀಟಿ ಅಷ್ಟೆ" ಎಂದೆ. ಮೊದಲು ಆ ಚೀಟಿ ಬರೆಯಲು ಕಂಪ್ಯೂಟರಿಗೆ ಕೋಡ್ ಎಡಿಟರ್ ಹಾಕಬೇಕಿತ್ತು. ಅದನ್ನು ಹಾಕಲು ಮೇಲಿನವರ ಅನುಮತಿಗೆ ಒಂಬತ್ತು ದಿನ ಅಲೆದೆ. ಅನುಮತಿ ಬಂದ ಮೇಲೆ ನಾಲ್ಕು ದಿನ ಊಟದ ಹೊತ್ತಿನಲ್ಲಿ ಇಬ್ಬರೂ ಡಬ್ಬಿ ಪಕ್ಕಕ್ಕಿಟ್ಟುಕೊಂಡು ಅದರ ಮುಂದೆ ಕೂತೆವು. ಕಪ್ಪು ಪರದೆ ಅವರಿಗೆ ಬೇಡವೇ ಬೇಡ, ಬಿಳಿ ಕಾಗದದ ಹಾಗೆ ಇರಬೇಕು. ಅಕ್ಷರ ದೊಡ್ಡದು ಮಾಡಿದೆ, ಇನ್ನೂ ದೊಡ್ಡದು ಮಾಡಿದೆ. ಎಡಕ್ಕೆ ಫೈಲುಗಳ ಪಟ್ಟಿ, ಕೆಳಗೆ ಸ್ಕ್ರಿಪ್ಟ್ ಓಡಿಸುವ ಜಾಗ. ಎರಡಕ್ಷರ ಒತ್ತುವಷ್ಟರಲ್ಲಿ ಎಡಿಟರ್ ತಾನೇ ಪೂರ್ತಿ ಪದ ಸೂಚಿಸಿದ್ದು ನೋಡಿ ಅವರ ಮುಖ ಗಂಟಿಕ್ಕಿತು.

"ಥೇಟ್ ನಮ್ಮ ಯಜಮಾನ್ರು. ನಾನು ಬಾಯಿ ತೆಗೆಯೋಕಿಲ್ಲ, ಮಾತು ಅವರೇ ಮುಗಿಸಿಬಿಡ್ತಾರೆ. ಅದೂ ತಪ್ಪಾಗಿ."

ಅದನ್ನೂ ನಿಲ್ಲಿಸಿಕೊಟ್ಟೆ. ಇಪ್ಪತ್ತಮೂರು ಸಾಲಿನ ಚೀಟಿ ಅದು, ಒಂದೊಂದು ಸಾಲನ್ನೂ ಅವರೇ ಬರೆದರು. ಬುಧವಾರ ಮಧ್ಯಾಹ್ನ ನಕಲು ಫೈಲುಗಳ ಮೇಲೆ ಓಡಿಸಿ ನೋಡಿದಾಗ ಅರ್ಧಕ್ಕೆ ನಿಂತು ಕೆಂಪಗಾಯಿತು. ಕೆಲವು ಫೈಲುಗಳ ಹೆಸರಿನ ಮುಂದೆ ಒಂದು ಅಡಿಗೆರೆ, ಅಂದರೆ ಅಂಡರ್‌ಸ್ಕೋರ್, ಇತ್ತು, ಸ್ಕ್ರಿಪ್ಟಿಗೆ ಅದು ಅಂಕಿಯಲ್ಲ. ನನಗೆ ಹಸಿವು ಬೇರೆ. "ಅಂಕಿ ಬಿಟ್ಟು ಬೇರೇನಿದ್ರೂ ಕಿತ್ತುಹಾಕು ಅಂತ ಒಂದು ಸಾಲು ಸೇರಿಸಿ" ಎಂದೆ. ಆ ಗೆರೆ ಅಲ್ಲಿ ಯಾಕಿದೆ ಎಂದು ನಾನು ಕೇಳಲಿಲ್ಲ. ಕೇಳದೇ ಇದ್ದದ್ದಕ್ಕೆ ಈಗಲೂ ನನ್ನ ಮೇಲೆ ನನಗೇ ಸಿಟ್ಟಿದೆ. ಅವರೂ ಹೇಳಲಿಲ್ಲ. ಅವರ ಕಣ್ಣು ಗೋಡೆ ಗಡಿಯಾರದ ಮೇಲಿತ್ತು.

ಗುರುವಾರ ನಿಜವಾದ ಮುನ್ನೂರ ಹನ್ನೆರಡು ಫೈಲುಗಳ ಮೇಲೆ ಓಡಿಸಿದರು. ಹನ್ನೊಂದು ಸೆಕೆಂಡಿನಲ್ಲಿ ಮುಗಿಯಿತು. ಖುಷಿಪಡುತ್ತಾರೆ ಅಂದುಕೊಂಡಿದ್ದೆ. "ಇಷ್ಟೇನಾ? ಹದಿನಾಲ್ಕು ವರ್ಷದಿಂದ ನಾನು ಮಾಡ್ತಿದ್ದದ್ದು ಇಷ್ಟೇನಾ?" ಎಂದು ಕೇಳಿದರು. ಸಂಜೆ ಐದಕ್ಕೆ ಚೀಲ ಹೆಗಲಿಗೇರಿಸಿ, ಓಡದೆ, ನಡೆದುಕೊಂಡು ಬಸ್ಸಿಗೆ ಹೋದರು.

ಐದು ಐವತ್ತಕ್ಕೆ ನಾನು ದಾಖಲೆ ಕೋಣೆಗೆ ಬೀಗ ಹಾಕುತ್ತಿದ್ದಾಗ ಅದೇ ಚೀಲ ಅವುಚಿಕೊಂಡು ಏದುಸಿರು ಬಿಡುತ್ತಾ ವಾಪಸು ಬಂದರು.

"ಏನಾಯ್ತು ಮೇಡಂ? ಅಕ್ಕ ಹುಷಾರಾಗಿದ್ದಾರಾ?"

"ಹುಷಾರಾಗಿದ್ದಾಳೆ. ಬಾಗಿಲು ತೆಗೀರಿ, ಹೇಳ್ತೀನಿ."

ಕುರ್ಚಿಯಲ್ಲಿ ಕೂತು ಹೇಳಿದರು. ಅಕ್ಕ ಕಿಟಕಿಯ ಪಕ್ಕ ಕೂತಿದ್ದರಂತೆ. ಇವರನ್ನು ನೋಡಿ ನಕ್ಕರಂತೆ. "ಯಾರಮ್ಮಾ ನೀನು?" ಎಂದು ಕೇಳಿದರಂತೆ. ತಂಗಿ ಎಂದರೆ ಅರ್ಥವಾಗಲಿಲ್ಲ. ಹೆಸರು ಹೇಳಿದರೂ ಅಷ್ಟೆ. ಕೊನೆಗೆ ದಾಖಲೆ ಕೋಣೆಯಿಂದ ಬಂದಿದ್ದೇನೆ ಎಂದಾಗ ಮುಖ ಅರಳಿತಂತೆ.

"'ಹೌದಾ? ಮೂಲೆ ಮಡಚಿದ್ಯಾ?' ಅಂತ ಕೇಳಿದ್ಳು. ಆಗ್ಲೇ ಆ ಗೆರೆಗಳು ನೆನಪಾದವು, ಎದ್ದು ಓಡಿಬಂದೆ."

ದೊಡ್ಡ ಫೈಲಮ್ಮನ ಕಾಲದಲ್ಲಿ ಎಲ್ಲವೂ ಕಾಗದ. ಬರವಣಿಗೆ ಸ್ಪಷ್ಟವಿಲ್ಲದೆ ನಂಬರು ಅನುಮಾನ ಬಂದರೆ ಆ ಹಾಳೆಯ ಮೂಲೆ ಮಡಚಿ ಬೇರೆ ಇಡುತ್ತಿದ್ದರು, ಹಳೆಯ ರಿಜಿಸ್ಟರ್ ನೋಡಿ, ವಾರ್ಡಿಗೆ ಫೋನ್ ಮಾಡಿ ಕೇಳಿದ ಮೇಲೇ ಒಳಗೆ ಸೇರಿಸುತ್ತಿದ್ದರು. ತಂಗಿಗೂ ಅದನ್ನೇ ಕಲಿಸಿದ್ದರು. ಕಂಪ್ಯೂಟರ್ ಬಂದ ಮೇಲೆ ಮಡಚಲು ಮೂಲೆ ಎಲ್ಲಿದೆ? ತಂಗಿ ಅದರ ಬದಲು ಹೆಸರಿನ ಮುಂದೆ ಅಡಿಗೆರೆ ಹಾಕತೊಡಗಿದರು. ಕೈಯೇ ಹಾಕುತ್ತಿತ್ತು, ಯಾರಿಗೂ ಹೇಳುವ ಪ್ರಸಂಗವೇ ಬಂದಿರಲಿಲ್ಲ. ಇವತ್ತು ಹನ್ನೊಂದು ಸೆಕೆಂಡಿನಲ್ಲಿ ಆ ಗೆರೆಗಳೆಲ್ಲ ಅಳಿಸಿ, ಅನುಮಾನದವೂ ಖಚಿತವಾದವೂ ಒಂದೇ ರಾಶಿಯಾಗಿದ್ದವು. ಬೆಳಿಗ್ಗೆ ಎಂಟಕ್ಕೆ ಡಾಕ್ಟರುಗಳು ಅವನ್ನೇ ತೆರೆದು ನೋಡುತ್ತಾರೆ.

"ಇನ್ನೂ ಮುಕ್ಕಾಲು ಗಂಟೆ ಇತ್ತು ಅವಳ ಹತ್ರ ಕೂರೋಕೆ" ಎಂದರು. "ಐದು ನಿಮಿಷ ಕೂತೆ."

ಯಾವುದಕ್ಕೆ ಗೆರೆ ಇತ್ತು ಎಂದು ತಿಳಿಯುವ ದಾರಿ ಒಂದೇ: ಎಲ್ಲವನ್ನೂ ಮತ್ತೆ ತೆರೆದು ನೋಡುವುದು. ಅರ್ಧ ಅವರು, ಅರ್ಧ ನಾನು. ಕಣ್ಣು ಉರಿಯಿತು, ಬೆನ್ನು ಹಿಡಿಯಿತು. ದಿನಾ ಇದನ್ನು ಮಾಡುವವರ ಪಕ್ಕ ಕೂತು ನಾನು ಗೊಣಗುವ ಹಾಗೂ ಇರಲಿಲ್ಲ. ಹತ್ತೊಂಬತ್ತು ಸಿಕ್ಕವು. ರಿಜಿಸ್ಟರ್ ನೋಡಿ, ವಾರ್ಡುಗಳಿಗೆ ಫೋನ್ ಮಾಡಿ ಕೇಳಿದಾಗ, ಅವುಗಳ ಪೈಕಿ ಎರಡು ಫೈಲುಗಳಲ್ಲಿ 'ಒಂದು' ಎಂದು ಓದಿದ್ದ ಅಂಕಿ 'ಏಳು' ಆಗಿತ್ತು, ಬೇರೆ ಯಾರದೋ ರಕ್ತಪರೀಕ್ಷೆ ಇನ್ಯಾರದೋ ಹೆಸರಿಗೆ ಸೇರಿತ್ತು. ಎಲ್ಲ ಸರಿಮಾಡುವಷ್ಟರಲ್ಲಿ ಏಳೂವರೆ.

ಆಮೇಲೂ ಅವರು ಏಳಲಿಲ್ಲ. ಎಡಿಟರ್ ತೆರೆದು ನನ್ನ ಆ ಸಾಲನ್ನು ಅಳಿಸಿದರು. ಗೆರೆ ಇರುವ ಫೈಲು ಇದ್ದಲ್ಲೇ ಇರಲಿ ಎಂದು ಎರಡು ಸಾಲು ಹಾಕಿದರು. ಈ ಸಲ ನಾನು ಅವರ ಸಾಲು ಮುಗಿಸಿಕೊಡಲು ಹೋಗಲಿಲ್ಲ, ತಪ್ಪೂ ಆಗಲಿಲ್ಲ. ಅದರ ಮೇಲೆ ಒಂದು ಚಿಹ್ನೆ ಇಟ್ಟು ಕನ್ನಡದಲ್ಲಿ ಬರೆದರು: ಮೂಲೆ ಮಡಚಿದ್ದನ್ನು ಮುಟ್ಟಬೇಡ.

"ಇದನ್ನ ಯಂತ್ರ ಓದುತ್ತಾ?"

"ಇಲ್ಲ ಮೇಡಂ. ಆ ಚಿಹ್ನೆ ಇದ್ರೆ ಯಂತ್ರ ದಾಟಿಕೊಂಡು ಹೋಗುತ್ತೆ. ಮನುಷ್ಯರು ಓದ್ಬೇಕಷ್ಟೆ."

"ಸರಿ. ನನ್ನ ನಂತರ ಈ ಕುರ್ಚಿಗೆ ಬರೋರು ಓದಲಿ."

ದೀಪ ಆರಿಸಿ ಮೆಟ್ಟಿಲಿಳಿಯುವಾಗ ಕೈಗಂಬಿ ಹಿಡಿದು ಹೇಳಿದರು: "ನಾಳೆ ಐದಕ್ಕೆ ಹೋಗ್ತೀನಿ. ಮಡಚಿದ್ದೀನಿ ಅಕ್ಕಾ ಅಂತೀನಿ."

"ಮತ್ತೆ ನೀನ್ಯಾರು ಅಂತ ಕೇಳಿದ್ರೆ?"

"ದಾಖಲೆ ಕೋಣೆಯವಳು ಅಂತೀನಿ" ಎಂದರು. "ತಂಗಿ ಮರೆತ್ರೂ ಅಕ್ಕಂಗೆ ಆ ಕೋಣೆಯವಳಾದ್ರೂ ಗೊತ್ತಲ್ಲ."