ಇಪ್ಪತ್ತೆರಡು ಹಲ್ಲಿನ ಫ್ರೀವೀಲು

ಸೈಕಲ್ಲಿಗೆ ಎಷ್ಟು ಹಲ್ಲಿನ ಫ್ರೀವೀಲು ಹಾಕಬೇಕು ಎಂಬ ವಿಷಯದಲ್ಲಿ ನನ್ನಷ್ಟು ತಿಳಿದವರು ಶಿರಿಯದಿಂದ ಕುಂಬಳೆಯ ತನಕ ಯಾರೂ ಇಲ್ಲ ಎಂದು ನಾನು ನಂಬಿದ್ದ ಕಾಲವೊಂದಿತ್ತು. ನಾನು ಕನ್ನಡ ಶಾಲೆಯ ಮೇಷ್ಟ್ರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಅಭ್ಯಾಸ ನಮ್ಮ ಉದ್ಯೋಗದಲ್ಲಿ ಕಡಿಮೆ.

ಅದು ತೊಂಬತ್ತರ ದಶಕದ ಆರಂಭ. ನನಗೆ ಮದುವೆಯಾಗಿ ನಾಲ್ಕು ವರ್ಷವಾಗಿತ್ತು. ಹೆಂಡತಿ ಕುಂಬಳೆ ಪೇಟೆಯ ಟೈಲರ್ ಅಂಗಡಿಯೊಂದರಲ್ಲಿ ರವಿಕೆ ಹೊಲಿಯುತ್ತಿದ್ದಳು. ನನ್ನ ಶಾಲೆಯೂ ಅದೇ ದಾರಿಯಲ್ಲಿತ್ತು. ಬೆಳಗಿನ ಬಸ್ಸಿನಲ್ಲಿ ಕಾಲಿಡಲು ಜಾಗ ಸಿಗುತ್ತಿರಲಿಲ್ಲವಾದ್ದರಿಂದ ಅವಳನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೋಗಿ ಸಂಜೆ ಹಾಗೆಯೇ ಕರೆತರುತ್ತಿದ್ದೆ. ನಮ್ಮ ಮನೆಮಾತು ಕೊಂಕಣಿ. ಆದರೆ ತಮಾಷೆ, ಜಗಳ ಎರಡೂ ನಡೆಯುತ್ತಿದ್ದದ್ದು ಕನ್ನಡದಲ್ಲಿ. ಪ್ರಾರ್ಥನೆಯ ಭಾಷೆಯಲ್ಲಿ ಜಗಳ ಬೇಡ ಎಂಬುದು ಅವಳ ಕಾನೂನು.

ದಾರಿ ಹೆಚ್ಚುಕಡಿಮೆ ಸಮತಟ್ಟು. ಹೊಳೆಯ ಸೇತುವೆ ದಾಟಿದ ಮೇಲೆ ಮಾತ್ರ ಉದ್ದಕ್ಕೆ ಒಂದು ಏರು ಇತ್ತು. ಲಾರಿಯವರಿಗೆ ಅದು ಏರೆಂದೇ ತಿಳಿಯುವುದಿಲ್ಲ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ತುಳಿಯುವವನಿಗೆ ತಿಳಿಯುತ್ತದೆ. ಅಲ್ಲಿಗೆ ಬಂದಾಗ ನನಗೆ ಏದುಸಿರು ಬರುತ್ತಿತ್ತು, ಅವಳಿಗೆ ನಗು ಬರುತ್ತಿತ್ತು. "ಇಳಿದು ನಡೀತೇನೆ ಮಾರಾಯ್ರೆ" ಎನ್ನುತ್ತಿದ್ದಳು. ಅದು ನನಗೆ ಅವಮಾನ.

ಶಾಲೆಯ ಕರಿಹಲಗೆಯ ಮೇಲೆ ಲೆಕ್ಕ ಹಾಕಿದೆ. ಪೆಡಲಿನ ಚಕ್ರಕ್ಕೆ ನಲವತ್ತನಾಲ್ಕು ಹಲ್ಲು, ಹಿಂದಿನ ಚಕ್ರದ ಹಲ್ಲುಗಾಲಿಗೆ, ಅಂದರೆ ಫ್ರೀವೀಲಿಗೆ, ಹದಿನೆಂಟು. ಪೆಡಲು ಒಂದು ಸುತ್ತು ಬಂದರೆ ಹಿಂದಿನ ಚಕ್ರ ಸುಮಾರು ಎರಡೂವರೆ ಸುತ್ತು ತಿರುಗುತ್ತದೆ. ಇಪ್ಪತ್ತೆರಡು ಹಲ್ಲಿನದು ಹಾಕಿದರೆ ಸರಿಯಾಗಿ ಎರಡೇ ಸುತ್ತು. ವೇಗ ಕಡಿಮೆಯಾಗುತ್ತದೆ, ಆದರೆ ಏರಿನಲ್ಲಿ ಕಾಲು ಹಗುರ. ಕ್ರಿಸ್ಮಸ್ ರಜೆಯಲ್ಲಿ ಸೈಕಲ್ ಅಂಗಡಿಗೆ ಹೋದೆ.

ಅಂಗಡಿಯ ಬ್ಯಾರಿ ಕಾಕ ತಲೆ ಅಲ್ಲಾಡಿಸಿದರು. "ನಮ್ಮ ಚಪ್ಪಟೆ ರಸ್ತೆಗೆ ಇಪ್ಪತ್ತೆರಡು ಎಂತಕ್ಕೆ ಮಾಷ್ಟ್ರೆ? ಗಾಳಿಯಲ್ಲಿ ಕಾಲು ತಿರುಗಿಸಿದ ಹಾಗೆ ಆಗ್ತದೆ. ಹದಿನೆಂಟೇ ಒಳ್ಳೇದು."

ನಾನು ನನ್ನ ಲೆಕ್ಕ ಒಪ್ಪಿಸಿದೆ. ಅವರು ವಾದ ಮಾಡಲಿಲ್ಲ. "ಆಯ್ತು, ಇಟ್ಟು ಹೋಗಿ" ಎಂದರು. ಅವಳ ಸೀರೆಗೆ ಗ್ರೀಸು ತಾಗಬಾರದೆಂದು ನಮ್ಮ ಸೈಕಲ್ಲಿಗೆ ಪೂರ್ತಿ ಮುಚ್ಚುವ ಚೈನ್ ಕವರ್ ಇತ್ತು. ಮರುದಿನ ಸೈಕಲ್ ತಂದೆ. ಮುಚ್ಚಿದ ಕವರ್ ಬಿಚ್ಚಿ ನೋಡುವ ಯೋಚನೆ ಬರಲಿಲ್ಲ.

ಹೊಸ ವರ್ಷದಲ್ಲಿ ಏರು ಸ್ವಲ್ಪ ಸಲೀಸಾಯಿತು. ಫೆಬ್ರವರಿಯಲ್ಲಿ ಇನ್ನಷ್ಟು. ಈಸ್ಟರಿಗೆ ಮುಂಚಿನ ತಪಸ್ಸು ಕಾಲ ನಡುವಿಗೆ ಬರುವಷ್ಟರಲ್ಲಿ ನಾನು ಆ ಏರನ್ನು ಮಾತಾಡುತ್ತಲೇ ಹತ್ತುತ್ತಿದ್ದೆ. ಸ್ಟಾಫ್ ರೂಮಿನಲ್ಲಿ ಇಪ್ಪತ್ತೆರಡು ಹಲ್ಲಿನ ಮಹಿಮೆಯನ್ನು ಎಲ್ಲರಿಗೂ ಕೊರೆದೆ. ಕಾಕನ ಅಂಗಡಿಯ ಮುಂದೆ ಸೈಕಲ್ ನಿಲ್ಲಿಸಿ, "ನೋಡಿ, ಹೂವಿನ ಹಾಗೆ ಹೋಗ್ತದೆ" ಎಂದೆ. ಅವರು ನನ್ನ ಮುಖ ನೋಡಿ "ಸಂತೋಷ" ಎಂದರು.

ಹೆಂಡತಿ ಸಪೂರ ಆದದ್ದು ಊರಿಗೇ ಕಂಡಿತ್ತು. ಆದರೆ ಅದು ನಮ್ಮವರು ಉಪವಾಸ ಮಾಡುವ ನಲವತ್ತು ದಿನ. ಅವಳು ಮೀನು ಮಾಂಸ ಬಿಟ್ಟಿದ್ದಳು, ರಾತ್ರಿ ಬರೀ ಗಂಜಿ ನೀರು. ಇಗರ್ಜಿಯ ಅಂಗಳದಲ್ಲಿ ಹೆಂಗಸರು ಅವಳನ್ನು ತೋರಿಸಿ, "ವ್ರತ ಅಂದ್ರೆ ಹೀಗೆ ಮಾಡ್ಬೇಕು" ಎನ್ನುತ್ತಿದ್ದರು. ನನ್ನ ಅಮ್ಮನೂ ಹೊಗಳಿದರು. ನನಗೂ ಹೆಮ್ಮೆ. ಕೆನ್ನೆ ಒಳಗೆ ಹೋದದ್ದು ನಮಗೆ ಭಕ್ತಿಯಾಗಿ ಕಂಡಿತು. ಬೇರೆ ಯಾವ ತಿಂಗಳಾಗಿದ್ದರೂ ಯಾರಾದರೊಬ್ಬರು ಡಾಕ್ಟರ ಹೆಸರು ಎತ್ತುತ್ತಿದ್ದರು. ಈಸ್ಟರಿನ ದಿನ ಕೋಳಿ ಸಾರು ಮಾಡಿ ಬಡಿಸಿದಾಗ ಅವಳು ಎರಡು ತುತ್ತು ತಿಂದು ಎದ್ದಳು. "ಅಭ್ಯಾಸ ತಪ್ಪಿದೆ" ಎಂದಳು. ನಾನು ನಂಬಿ ಅವಳ ಬಟ್ಟಲಿನದನ್ನೂ ತಿಂದೆ. ಈಗಲೂ ಅದನ್ನು ನೆನೆದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಅದಾಗಿ ಒಂದು ವಾರಕ್ಕೆ ಸೈಕಲ್ಲಿನ ಚೈನ್ ಕಳಚಿತು. ಭಾನುವಾರವಾದ್ದರಿಂದ ನಾನೇ ಅಂಗಳದಲ್ಲಿ ಕೂತು ಕವರ್ ಬಿಚ್ಚಿದೆ. ಫ್ರೀವೀಲು ನೋಡಿದರೆ ಸಣ್ಣದೆನಿಸಿತು. ಒಂದು ಹಲ್ಲಿಗೆ ಸೀಮೆಸುಣ್ಣ ಹಚ್ಚಿ ಎಣಿಸಿದೆ. ಹದಿನೆಂಟು. ಮತ್ತೆ ಎಣಿಸಿದೆ. ಹದಿನೆಂಟೇ.

ಮೊದಲು ಬಂದದ್ದು ಕೋಪ. ಚೈನ್ ಏರಿಸಿ ಕಾಕನ ಮನೆಗೇ ಹೋಗಿ ಕೇಳಿದೆ. ಅವರು ಸುಳ್ಳು ಹೇಳಲಿಲ್ಲ. "ಆಗ ಇಪ್ಪತ್ತೆರಡು ನನ್ನ ಹತ್ತಿರ ಇರ್ಲಿಲ್ಲ ಮಾಷ್ಟ್ರೆ. ಸದ್ಯಕ್ಕೆ ಹೊಸ ಹದಿನೆಂಟು ಹಾಕಿದ್ದೆ, ಬಂದ ಮೇಲೆ ಬದಲಿಸುವ ಅಂತ. ಅಷ್ಟರಲ್ಲಿ ನೀವೇ ಬಂದು ಹೂವಿನ ಹಾಗೆ ಹೋಗ್ತದೆ ಅಂದ್ರಿ. ನಿಮ್ಮ ಸಂತೋಷ ಯಾಕೆ ಹಾಳು ಮಾಡೋದು ಅಂತ ಸುಮ್ಮನಿದ್ದೆ."

ಹಿಂದೆ ಬರುವಾಗ ಸೇತುವೆಯ ಹತ್ತಿರ ಸೈಕಲ್ ನಿಲ್ಲಿಸಿದೆ. ಅಲ್ಲಿಗೆ ನನ್ನ ಲೆಕ್ಕ ಪೂರ್ತಿಯಾಯಿತು. ಹಲ್ಲು ಅಷ್ಟೇ, ರಸ್ತೆ ಅದೇ, ಕಾಲೂ ನನ್ನದೇ. ಬದಲಾದದ್ದು ಹಿಂದೆ ಕೂತವಳ ಭಾರ ಮಾತ್ರ.

ಮನೆಗೆ ಹೋಗಿ ನೇರವಾಗಿ ಕೇಳಿದೆ. "ನಿನಗೆ ಎಂತ ಆಗ್ತಾ ಉಂಟು?"

ಅವಳು ಕಪಾಟಿನಿಂದ ಮೂರು ರವಿಕೆ ತಂದು ತಿರುವಿ ತೋರಿಸಿದಳು. ಬದಿಯ ಹೊಲಿಗೆಯನ್ನು ಜನವರಿಯಲ್ಲಿ ಒಮ್ಮೆ ಒಳಗೆ ಹಿಡಿದಿದ್ದಳು, ಆಮೇಲೆ ಇನ್ನೊಮ್ಮೆ, ಈಸ್ಟರಿಗೆ ಮೊದಲು ಮತ್ತೊಮ್ಮೆ. ಒಂದರ ಪಕ್ಕ ಒಂದು ಮೂರು ಗೆರೆ.

"ಹೊಟ್ಟೆಯಲ್ಲಿ ನೋವುಂಟು" ಎಂದಳು. "ತಪಸ್ಸು ಕಾಲದಲ್ಲಿ ನೋವು ಹೇಳಿಕೊಳ್ಳಬಾರದು ಅಂತ ಎಣಿಸಿದೆ. ದೇವರಿಗೆ ಒಪ್ಪಿಸಿದ್ದೆ."

ಮಂಗಳೂರಿಗೆ ರೈಲಿನಲ್ಲಿ ಕರೆದುಕೊಂಡು ಹೋದೆ. ಪರೀಕ್ಷೆಗಳಿಗೆಂದು ನಾಲ್ಕು ಸಲ ಹೋಗಬೇಕಾಯಿತು. ಯಾವಾಗಿನಿಂದ ತೂಕ ಇಳಿಯುತ್ತಿದೆ ಎಂದು ಡಾಕ್ಟರು ಮೊದಲ ದಿನವೇ ಕೇಳಿದ್ದರು. ಸಾಮಾನ್ಯವಾಗಿ ಗಂಡಂದಿರು ಇದಕ್ಕೆ ತಡವರಿಸುತ್ತಾರಂತೆ. ನಾನು ತಡವರಿಸಲಿಲ್ಲ. "ಹೊಸ ವರ್ಷದಿಂದ. ಫೆಬ್ರವರಿಯಲ್ಲಿ ಜಾಸ್ತಿ" ಎಂದೆ. ನನ್ನಷ್ಟು ನಿಖರವಾಗಿ ಯಾರೂ ಹೇಳಲಾರರು. ಅವರು ತಲೆ ಎತ್ತಿ, "ಗೊತ್ತಿದ್ದೂ ಇಷ್ಟು ದಿನ ಯಾಕೆ ತರಲಿಲ್ಲ?" ಎಂದು ಕೇಳಿದರು.

ನಾಲ್ಕನೇ ಸಲ ಅವಳನ್ನು ಹೊರಗೆ ಕೂರಿಸಿ ನನ್ನೊಬ್ಬನನ್ನೇ ಒಳಗೆ ಕರೆದರು. ಹೊಟ್ಟೆಯ ಗಡ್ಡೆ ಹರಡಿಯಾಗಿದೆ, ಕತ್ತರಿಸಿ ಪ್ರಯೋಜನವಿಲ್ಲ ಎಂದರು. ಹೊರಗೆ ಬಂದವನು ಅವಳಿಗೆ ಮಾತ್ರೆ ಕೊಟ್ಟಿದ್ದಾರೆ ಎಂದಷ್ಟೇ ಹೇಳಿದೆ. ರೈಲಿನಲ್ಲಿ ಅವಳು ಕಿಟಕಿಯ ಹತ್ತಿರ ಕೂತು ಕಡಲೆ ಬಿಡಿಸಿ ಬಿಡಿಸಿ ನನ್ನ ಕೈಗೇ ಹಾಕಿದಳು.

ಕುಂಬಳೆ ಸ್ಟೇಷನ್ನಿನಲ್ಲಿ ಇಳಿದಾಗ ಬಿಸಿಲು ಇನ್ನೂ ಇತ್ತು. ಬೆಳಿಗ್ಗೆ ಬಿಟ್ಟುಹೋದ ಸೈಕಲ್ ಅಲ್ಲೇ ಇತ್ತು, ಆದರೂ ರಿಕ್ಷಾ ಮಾಡುವ ಎಂದೆ. ಬೇಡ, ಸೈಕಲ್ಲಿನಲ್ಲೇ ಹೋಗುವ ಎಂದಳು. ಪೇಟೆ ದಾಟಿದ ಮೇಲೆ, ಆ ಏರಿನ ಈಚೆ ಬದಿಯಲ್ಲೂ ರಸ್ತೆ ಸ್ವಲ್ಪ ಮೇಲಕ್ಕೆ ಏರುತ್ತದೆ. ಅಲ್ಲಿಗೆ ಬಂದಾಗ ಅವಳು ನನ್ನ ಬೆನ್ನಿಗೆ ಕೈ ಇಟ್ಟು ಕೇಳಿದಳು, "ನಾನು ಭಾರ ಆಗ್ತೇನಾ?"

ಅವಳು ಕೇಳುತ್ತಿದ್ದದ್ದು ಡಾಕ್ಟರು ಒಳಗೆ ಹೇಳಿದ್ದನ್ನು ಎಂದು ನನಗೆ ಅರ್ಥವಾಯಿತು.

"ಆಗದೆ ಮತ್ತೆ? ಎಂತ ತಿಂದಿ ಮಾರಾಯ್ತಿ ಇವತ್ತು?" ಎಂದೆ. ಸೀಟಿನಿಂದ ಎದ್ದು ನಿಂತು, ಏದುಸಿರು ಬಿಡುತ್ತ, ಸೈಕಲ್ಲನ್ನು ಆಚೆ ಈಚೆ ಓಲಾಡಿಸುತ್ತ ತುಳಿದೆ.

ಹಿಂದಿನಿಂದ ಅವಳು ನಗುವುದು ಕೇಳಿತು. "ಹಾಗಾದ್ರೆ ಪರ್ವಾಗಿಲ್ಲ" ಎಂದಳು.

ಏರು ಮುಗಿಯುವ ತನಕ ನಿಂತೇ ತುಳಿದೆ. ಕೂತು ತುಳಿದಿದ್ದರೆ ತಾನು ಎಷ್ಟು ಹಗುರ ಎಂದು ಅವಳಿಗೆ ಗೊತ್ತಾಗಿಬಿಡುತ್ತಿತ್ತು.