ಗೇಟಿನಿಂದ ಮೆಟ್ಟಿಲವರೆಗೆ ಚಪ್ಪಾಳೆ

ಬಸ್ ಕಂಡಕ್ಟರನ ಮಗಳನ್ನು ಬೀದಿಯವರೆಲ್ಲ ಬುಗುರಿ ಎಂದೇ ಕರೆಯುತ್ತಿದ್ದರು. ಹದಿನೈದು ತುಂಬಿದರೂ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ, ಬಾಯಂತೂ ಕೇಳಲೇಬೇಡಿ. ಆ ಬೇಸಿಗೆಯಲ್ಲಿ ಹತ್ತು ದಿನದ ಶಿಬಿರಕ್ಕೆ ಹೋಗಿಬಂದ ಮೇಲೆ ಅವಳನ್ನು ಹಿಡಿಯುವವರೇ ಇಲ್ಲವಾದರು. ಅಲ್ಲಿಗೆ ಹೋದ ದಿನ ಅಮ್ಮನ ನೆನಪಾಗಿ ಗೇಟಿನಲ್ಲೇ ಅಳುತ್ತ ನಿಂತಿದ್ದಳಂತೆ. ಗುರುತು ಪರಿಚಯವಿಲ್ಲದ ಐವತ್ತು ಮಕ್ಕಳು ಎರಡು ಸಾಲಾಗಿ ನಿಂತು ಚಪ್ಪಾಳೆ ತಟ್ಟುತ್ತ, ‘ಬಂದಳು ಬಂದಳು, ನಮ್ಮವಳು ಬಂದಳು’ ಎಂದು ಒಳಗೆ ಕರೆದುಕೊಂಡರಂತೆ. ಅಳು ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ.

ಅವಳ ಶಾಲೆಯೋ, ಗೋಡೆ ಸುಣ್ಣ ಕಂಡು ಎಷ್ಟು ಕಾಲವಾಗಿತ್ತೋ. ಗಂಟೆ ಹೊಡೆದರೆ ಮಕ್ಕಳು ತೂಕಡಿಸುತ್ತ ಒಳಗೆ ಬರುವುದು, ಮತ್ತೆ ಹೊಡೆದರೆ ಬಿದ್ದಂಬೀಳ ಓಡುವುದು. ಪಕ್ಕದವನು ವಾರ ಬರದಿದ್ದರೂ ಯಾಕೆಂದು ಕೇಳುವವರಿಲ್ಲ. ಇದಕ್ಕೆ ಜೀವ ತುಂಬುತ್ತೇನೆಂದು ಬುಗುರಿ ಟೊಂಕ ಕಟ್ಟಿದಳು. ರಜೆ ಹಾಕಿ ಮರಳಿದವರಿಗೆಲ್ಲ ಎರಡು ಸಾಲಿನ ಚಪ್ಪಾಳೆ. ಮೊದಲ ದಿನ ಸಾಲಿಗೆ ಬಂದದ್ದು ಏಳು ಮಂದಿ. ಅದರಲ್ಲಿ ಮೂವರು ನಗುವುದಕ್ಕೇ ಬಂದವರು. ತಿಂಗಳು ಕಳೆಯುವಷ್ಟರಲ್ಲಿ ಅಂಗಳ ತುಂಬಿತು. ಚಪ್ಪಾಳೆಯ ಆಸೆಗೆ ಒಬ್ಬ ಹೊಟ್ಟೆನೋವೆಂದು ಸುಳ್ಳು ಹೇಳಿ ಎರಡು ದಿನ ಮನೆಯಲ್ಲುಳಿದದ್ದೂ ಆಯಿತು.

ಇಷ್ಟರಲ್ಲಿ ಅವಳ ಜೀವದ ಗೆಳತಿಯೇ ಬರುವುದು ನಿಂತಿತ್ತು. ಒಂದನೇ ತರಗತಿಯಿಂದ ಒಂದೇ ಬೆಂಚು ಸವೆಸಿದವರು ಇಬ್ಬರೂ. ಗೆಳತಿಯ ಅಪ್ಪ ಇಸ್ತ್ರಿ ಅಂಗಡಿಯವನು. ಒಂದು ಬೆಳಿಗ್ಗೆ ಕೆಂಡ ಹೊತ್ತಿಸಿಟ್ಟು, ಈಗ ಬಂದೆ ಎಂದು ಹೋದವನು ಬೇರೊಬ್ಬಳ ಜೊತೆ ಊರೇ ಬಿಟ್ಟ. ತಾಯಿ ಹಾಸಿಗೆ ಹಿಡಿದಳು. ಹುಡುಗಿ ಶಾಲೆಗೆ ಜ್ವರವೆಂದು ಹೇಳಿಕಳಿಸಿ ಮೂರು ವಾರ ಇಸ್ತ್ರಿಪೆಟ್ಟಿಗೆ ಎಳೆದಳು. ತಾಯಿ ಎದ್ದು ಓಡಾಡುವಂತಾದ ದಿನ ಬುಗುರಿಗೆ ಅಂದಳು: “ನಾಳೆ ಬರ್ತೀನಿ ಕಣೇ. ಹಿಂದಿನ ಬೆಂಚಲ್ಲಿ ಒಂಚೂರು ಜಾಗ ಇಟ್ಟಿರು. ಸುಮ್ನೆ ಬಂದು ಕೂತ್ಕೋತೀನಿ.”

ಬುಗುರಿ ಹೂಂ ಅಂದಳು. ಆದರೆ ಆ ಸಂತೋಷದಲ್ಲಿ ಅವಳ ತಲೆಗೆ ಹೋದದ್ದು ನಾಳೆ ಬರುತ್ತಾಳೆ ಎಂಬುದಷ್ಟೇ.

ಮರುದಿನ ಇಡೀ ಶಾಲೆ ಗೇಟಿನಿಂದ ಮೆಟ್ಟಿಲವರೆಗೆ ಸಾಲುಗಟ್ಟಿತು. ತಲೆ ತಗ್ಗಿಸಿ ಬಂದ ಗೆಳತಿ ಗೇಟಿನಲ್ಲಿ ಕಂಬದಂತೆ ನಿಂತಳು. ‘ನಮ್ಮವಳು ಬಂದಳು’ ಎಂದು ಮುನ್ನೂರು ಗಂಟಲು ಕೂಗಿದವು. ಆ ಗದ್ದಲದಲ್ಲಿ ಯಾರೋ ಒಬ್ಬ, ಕೆಡುಕು ಬಯಸಿ ಅಲ್ಲ, ಬಾಯಿ ತೀಟೆಗೆ, “ನಿಮ್ಮಪ್ಪನೂ ಬಂದ್ರಾ?” ಎಂದುಬಿಟ್ಟ. ನಗು ಸಾಲಿನ ಉದ್ದಕ್ಕೂ ಹರಿಯಿತು. ಆದದ್ದೇನೆಂದು ಬುಗುರಿಗೆ ತಿಳಿಯುವ ಹೊತ್ತಿಗೆ ಗೆಳತಿ ಬೀದಿಯ ತಿರುವು ದಾಟಿದ್ದಳು.

ಸಂಜೆ ಬುಗುರಿ ಅಂಗಡಿಗೆ ಓಡಿದಳು. ಗೆಳತಿ ಅಂಗಿಯೊಂದಕ್ಕೆ ನೀರು ಚಿಮುಕಿಸುತ್ತಿದ್ದವಳು ತಲೆ ಎತ್ತಲಿಲ್ಲ. ಬುಗುರಿ ತಪ್ಪಾಯಿತೆಂದಳು, ಆ ಹುಡುಗನ ಹಲ್ಲು ಉದುರಿಸುತ್ತೇನೆಂದಳು, ನಿನಗೆ ಖುಷಿಯಾಗಲೆಂದೇ ಮಾಡಿದ್ದು ಎಂದು ಅತ್ತಳು.

“ಅವನ ಮಾತು ಬಿಡು,” ಎಂದಳು ಗೆಳತಿ. “ನಾನು ನಿನ್ನ ಹತ್ರ ಏನು ಕೇಳಿದ್ದೆ?”

“ಹಿಂದಿನ ಬೆಂಚಲ್ಲಿ ಜಾಗ.”

“ಅಷ್ಟೇ ಕಣೇ ಕೇಳಿದ್ದು.”

ಅಷ್ಟರಲ್ಲಿ ಬಟ್ಟೆ ಗಂಟು ಹಿಡಿದು ಗಿರಾಕಿ ಬಂದ. ಗೆಳತಿ ಅವನತ್ತ ತಿರುಗಿದಳು. ಬುಗುರಿ ದಾರಿ ಬಿಟ್ಟು ನಿಂತಳು. ಗೆಳತಿ ಮತ್ತೆ ಅವಳತ್ತ ತಿರುಗಲಿಲ್ಲ.

ಮುಂದಿನ ದಿನಗಳಲ್ಲಿ ಬುಗುರಿ ಎಲ್ಲರಿಗಿಂತ ಮೊದಲೇ ಶಾಲೆಗೆ ಬಂದು, ಹಿಂದಿನ ಬೆಂಚಿನಲ್ಲಿ ಕೂತು, ಪಕ್ಕದ ಜಾಗಕ್ಕೆ ತನ್ನ ಚೀಲ ಇಡುತ್ತಿದ್ದಳು. ಯಾರಾದರೂ ಕೂರಲು ಬಂದರೆ ಬೆಕ್ಕಿನಂತೆ ಮೈಮೇಲೆ ಬೀಳುತ್ತಿದ್ದಳು. ಹೆಡ್‌ಮಾಸ್ತರು ಎಲ್ಲರ ಮುಂದೆ ಅವಳ ಬೆನ್ನು ತಟ್ಟಿ, ಶಾಲೆಗೆ ಕಳೆ ಬಂದದ್ದು ಇವಳಿಂದಲೇ ಎಂದರು. ಅವಳು ನೆಲ ನೋಡುತ್ತ ನಿಂತಿದ್ದಳು.

ಎರಡು ವಾರ ಕಳೆದು, ಅಮ್ಮ ಒಂದು ಸಂಜೆ ಅಪ್ಪನ ಖಾಕಿ ಬಟ್ಟೆಯನ್ನು ಮಂಚದ ಮೇಲಿಡುತ್ತ, ಇಸ್ತ್ರಿ ಅಂಗಡಿಯಲ್ಲಿ ಹುಡುಗಿಯೇ ಇದ್ದಳೆಂದೂ, ಇನ್ನು ಶಾಲೆಗೆ ಹೋಗುವುದಿಲ್ಲವಂತೆ ಎಂದೂ ಹೇಳಿದಳು.

“ನೀನು ಎಷ್ಟು ಗಂಟೆಗೆ ಹೋಗಿದ್ದೆ ಅಮ್ಮಾ?”

“ಹನ್ನೊಂದಿರ್ಬೇಕು. ಯಾಕೆ?”

ಹನ್ನೊಂದಕ್ಕೆ ಗಣಿತದ ಪಾಠ. ಗಣಿತದಲ್ಲಿ ಗೆಳತಿಯನ್ನು ಮೀರಿಸುವವರು ಇಡೀ ಶಾಲೆಯಲ್ಲಿ ಇರಲಿಲ್ಲ.